ಸಾಬೂನುಮರ ಯುಕ್ಕಾ: ಮರುಭೂಮಿಯ ಮರವೊಂದನ್ನು ಮನೆಯಂಗಳದಲ್ಲಿ ಬೆಳೆಸುವ ಕ್ರಮ

ಅಮೆರಿಕದ ದಕ್ಷಿಣ ಅರಿಜೋನಾದಿಂದ ನ್ಯೂ ಮೆಕ್ಸಿಕೊ ದಾಟಿ ಪಶ್ಚಿಮ ಟೆಕ್ಸಸ್‌ನ ಕಡೆಗೆ ರಸ್ತೆಯಲ್ಲಿ ಹೊರಟವರಿಗೆ, ಹುಲ್ಲು ಒಣಗಿ ನಿಂತ ಬಯಲಿನ ನಡುವೆ ಈಚಲುಮರದಂತೆ ತೋರುವ ಗಿಡಗಳು ಅಲ್ಲೊಂದು ಇಲ್ಲೊಂದು ಕಾಣಿಸುತ್ತವೆ. ಹತ್ತಿರ ಹೋದರೆ ಅದು ಈಚಲಲ್ಲ ಎಂಬುದು ತಿಳಿಯುತ್ತದೆ: ಗರಿಗಳು ಬೆರಳಿಗಿಂತ ಸಣ್ಣಗಿದ್ದು, ಅವುಗಳ ಅಂಚಿನಿಂದ ಬಿಳಿಯ ನಾರು ಸುರುಳಿಯಾಗಿ ಬಿಚ್ಚಿಕೊಂಡಿರುತ್ತದೆ, ಕಾಂಡಕ್ಕೆ ಹಳೆಯ ಒಣಗರಿಗಳ ಲಂಗವನ್ನು ಉಡಿಸಿದಂತಿರುತ್ತದೆ, ಮೇ ತಿಂಗಳಿನಿಂದ ಜುಲೈವರೆಗಿನ ಅವಧಿಯಲ್ಲಿ ನೆತ್ತಿಯಿಂದ ಆಳೆತ್ತರದ ಹೂದಂಟು ಹೊರಟು ಅದರ ತುಂಬ ಬಿಳಿಯ ಗಂಟೆಯಾಕಾರದ ಹೂಗಳು ತೂಗುತ್ತವೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಯುಕ್ಕಾ ಎಲಾಟಾ. ಅಲ್ಲಿನ ಜನ ಇದನ್ನು ಸೋಪ್‌ಟ್ರೀ ಯುಕ್ಕಾ ಎನ್ನುತ್ತಾರೆ. ಬೇರು ಮತ್ತು ಕಾಂಡದಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ವಸ್ತುವಿರುವುದರಿಂದ ಆ ನೆಲದ ಮೂಲನಿವಾಸಿಗಳು ಬೇರನ್ನು ಜಜ್ಜಿ ತಲೆ ತೊಳೆಯಲು ಬಳಸುತ್ತಿದ್ದರು. ನಮ್ಮ ಅಂಟುವಾಳದ ಕಾಯಿ ನೊರೆ ಕೊಡುವುದೂ ಇದೇ ಸಪೋನಿನ್‌ನಿಂದಲೇ ಆದ್ದರಿಂದ ಕನ್ನಡದಲ್ಲಿ ಸಾಬೂನುಮರ ಯುಕ್ಕಾ ಎಂದು ಕರೆದರೆ ತಪ್ಪಾಗದು.

ಫೀನಿಕ್ಸ್, ಟೂಸಾನ್, ಎಲ್ ಪಾಸೊ ಮುಂತಾದ ಊರುಗಳಲ್ಲಿ ಮನೆ ಮಾಡಿರುವ ಕನ್ನಡಿಗರು ಅಂಗಳದಲ್ಲಿ ನೀರು ಕೇಳದ ಮರವೊಂದನ್ನು ನೆಡಬೇಕೆಂದು ಯೋಚಿಸುವಾಗ ಈ ಗಿಡ ಕಣ್ಣಿಗೆ ಬೀಳುವುದು ಸಹಜ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ನಾನು ಹೇಳಬೇಕಾದುದರಲ್ಲಿ ಮುಖ್ಯವಾದದ್ದು ಒಂದೇ: ಈ ಗಿಡದ ಅಳಿವು ಉಳಿವು ನೆಲದ ಕೆಳಗೆ ತೀರ್ಮಾನವಾಗುತ್ತದೆ, ಮೇಲಿನ ಹಸಿರನ್ನು ನೋಡಿ ಅದರ ಆರೋಗ್ಯವನ್ನು ಅಳೆಯಲು ಹೋದವರು ಮೋಸಹೋಗುತ್ತಾರೆ. ಮುಂದಿನ ಪ್ರತಿಯೊಂದು ಹಂತವೂ ಈ ಮಾತಿಗೇ ಹಿಂದಿರುಗುತ್ತದೆ.

ಗಿಡದ ಸ್ವಭಾವ

ಯುಕ್ಕಾ ನಮ್ಮ ಬೇಲಿಯ ಕತ್ತಾಳೆಯ ಹತ್ತಿರದ ಬಂಧು. ಇಂದಿನ ವರ್ಗೀಕರಣದ ಪ್ರಕಾರ ಎರಡೂ ಶತಾವರಿಯ ಕುಟುಂಬಕ್ಕೇ ಸೇರುತ್ತವೆ. ಆದರೆ ಕತ್ತಾಳೆ ಜೀವಮಾನದಲ್ಲಿ ಒಮ್ಮೆ ಹೂಬಿಟ್ಟು ಸಾಯುತ್ತದೆ, ಸಾಬೂನುಮರ ಹಾಗಲ್ಲ. ಸುಳಿಯಿಂದಲೇ ಹೂದಂಟು ಹೊರಡುವುದರಿಂದ ಆ ಸುಳಿಯ ಬೆಳವಣಿಗೆ ಅಲ್ಲಿಗೆ ಮುಗಿಯುತ್ತದೆ ನಿಜ, ಆದರೆ ಅದರ ಪಕ್ಕದ ಮೊಗ್ಗು ಚಿಗುರಿ ಹೊಸ ತಲೆಯಾಗುತ್ತದೆ. ಎರಡು ಮೊಗ್ಗು ಚಿಗುರಿದರೆ ಕಾಂಡ ಕವಲೊಡೆಯುತ್ತದೆ. ಹಳೆಯ ಗಿಡಗಳು ನಾಲ್ಕೈದು ತಲೆಗಳ ಮರದಂತಾಗುವುದು ಹೀಗೆ.

ಸಾಮಾನ್ಯವಾಗಿ ಅಂಗಳದಲ್ಲಿ ಇದು 6ರಿಂದ 15 ಅಡಿ ಬೆಳೆಯುತ್ತದೆ, ಕಾಡಿನಲ್ಲಿ 20 ಅಡಿ ದಾಟಿದ ಹಳೆಯ ಮರಗಳೂ ಇವೆ. ಬೆಳವಣಿಗೆ ಬಹಳ ನಿಧಾನ: ಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಏರುತ್ತದೆ. ಬೀಜದಿಂದ ಹುಟ್ಟಿದ ಸಸಿ ಹಲವು ವರ್ಷ ಹುಲ್ಲಿನ ಬುಡದಂತೆಯೇ ಇದ್ದು, ಕಾಂಡದ ಸುಳಿವನ್ನೇ ಕೊಡುವುದಿಲ್ಲ. ಆ ಅವಧಿಯಲ್ಲಿ ಅದು ಸುಮ್ಮನೆ ಕುಳಿತಿರುವುದಿಲ್ಲ. ನೆಲದೊಳಗೆ ದಪ್ಪನೆಯ ಬೇರುಕಾಂಡವನ್ನು ಆಳಕ್ಕೆ ಇಳಿಸುತ್ತಿರುತ್ತದೆ.

ಈ ನೆಲದಡಿಯ ಬದುಕನ್ನು ಕಣ್ಣಾರೆ ನೋಡಬಯಸುವವರು ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ಗೆ ಹೋಗಬೇಕು; 2019ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಉದ್ಯಾನವಾದ ಸ್ಥಳವದು. ಅಲ್ಲಿನ ಬಿಳಿಯ ಜಿಪ್ಸಮ್ ಮರಳಿನ ದಿಬ್ಬಗಳು ಗಾಳಿಗೆ ಸರಿಯುತ್ತ ಬಂದು ಗಿಡಗಳನ್ನು ಹೂಳುತ್ತವೆ. ಹೆಚ್ಚಿನ ಗಿಡಗಳು ಸಾಯುತ್ತವೆ. ಸಾಬೂನುಮರ ಮಾತ್ರ ಮರಳು ಏರಿದಂತೆಲ್ಲ ಕಾಂಡವನ್ನು ಉದ್ದ ಮಾಡಿಕೊಂಡು ತಲೆಯನ್ನು ಮರಳಿನ ಮೇಲೆ ಇಟ್ಟುಕೊಳ್ಳುತ್ತದೆ. ದಿಬ್ಬದ ಮೇಲೆ ಮೊಣಕಾಲೆತ್ತರದ ಪೊದೆಯಂತೆ ಕಾಣುವ ಗಿಡದ ಕಾಂಡ ಮರಳಿನೊಳಗೆ ಹತ್ತಾರು ಅಡಿ ಇಳಿದಿರಬಹುದು. ದಿಬ್ಬ ಮುಂದೆ ಸರಿದುಹೋದಾಗ, ಅಷ್ಟು ಉದ್ದದ ಕಾಂಡಕ್ಕೆ ಆಸರೆ ತಪ್ಪಿ ಗಿಡ ಮುರಿದು ಬೀಳುತ್ತದೆ. ಇದನ್ನು ನೋಡಿ ಬಂದ ಕೆಲವರು, ಹಾಗಿದ್ದರೆ ಅಂಗಳದಲ್ಲಿಯೂ ಕಾಂಡವನ್ನು ಆಳವಾಗಿ ಹೂಳಬಹುದಲ್ಲ ಎಂದು ಕೇಳುತ್ತಾರೆ. ಬಾರದು. ಅಲ್ಲಿ ಗಿಡ ಮರಳಿನೊಂದಿಗೆ ತಾನೇ ಮೆಲ್ಲಗೆ ಏರುತ್ತದೆ. ಅಂಗಳದ ಜೇಡಿಮಣ್ಣಿನಲ್ಲಿ, ನಾವು ಬಿಡುವ ನೀರಿನಲ್ಲಿ, ಒಮ್ಮೆಗೇ ಹೂತ ಕಾಂಡ ಕೊಳೆಯುತ್ತದೆ.

ಯಾವ ಯುಕ್ಕಾ ಎಂಬ ಆಯ್ಕೆ

ನರ್ಸರಿಗೆ ಹೋದರೆ ಮರದಂತೆ ಬೆಳೆಯುವ ಯುಕ್ಕಾಗಳು ಹಲವು ಸಿಗುತ್ತವೆ. ಜೋಷುವಾ ಮರವೆಂದು ಹೆಸರಾದ ಯುಕ್ಕಾ ಬ್ರೆವಿಫೋಲಿಯಾ ನೋಟಕ್ಕೆ ಅದ್ಭುತ. ಆದರೆ ಅದು ಮೊಹಾವಿ ಮರುಭೂಮಿಯ ಎತ್ತರದ, ಚಳಿಗಾಲದಲ್ಲಿ ಚೆನ್ನಾಗಿ ತಣಿಯುವ ನೆಲಕ್ಕೆ ಹೊಂದಿಕೊಂಡ ಮರ, ಫೀನಿಕ್ಸ್‌ನ ಸುಡುವ ತಗ್ಗಿನಲ್ಲಿ ಸೊರಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಪಶ್ಚಿಮದ ಜೋಷುವಾ ಮರಕ್ಕೆಂದೇ ಪ್ರತ್ಯೇಕ ಸಂರಕ್ಷಣಾ ಕಾಯ್ದೆಯೂ ಇದೆ. ಯುಕ್ಕಾ ರೋಸ್ಟ್ರಾಟಾ ನೀಲಿ ಛಾಯೆಯ ಗರಿಗಳ ದುಂಡನೆಯ ತಲೆಯದು, ಕಿತ್ತು ನೆಟ್ಟರೂ ಹೆಚ್ಚು ತಕರಾರಿಲ್ಲದೆ ಬದುಕುವ ಗುಣ ಅದಕ್ಕಿದೆ, ಆದ್ದರಿಂದಲೇ ಉದ್ಯಾನ ವಿನ್ಯಾಸಕಾರರ ಅಚ್ಚುಮೆಚ್ಚು. ಬೆಳೆದ ಮರವೇ ಈ ವರ್ಷವೇ ಬೇಕೆನ್ನುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಯುಕ್ಕಾ ಫ್ಯಾಕ್ಸೋನಿಯಾನಾ ದಪ್ಪ ಕಾಂಡದ ದೈತ್ಯ, ಸಣ್ಣ ಅಂಗಳಕ್ಕೆ ಅಲ್ಲ.

ಸಾಬೂನುಮರದ ಚೆಲುವು ಬೇರೆ ಬಗೆಯದು. ಗರಿ ಸಣ್ಣಗಿರುವುದರಿಂದ ಗಾಳಿಗೆ ಅಲುಗುತ್ತದೆ, ಇಳಿಬಿಸಿಲಿನಲ್ಲಿ ಅಂಚಿನ ನಾರುಗಳು ಬೆಳ್ಳಿಯ ಎಳೆಗಳಂತೆ ಹೊಳೆಯುತ್ತವೆ. ಬೇರು ಹಿಡಿದ ಮೇಲೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ, 45 ಡಿಗ್ರಿ ದಾಟಿದ ಬಿಸಿಲನ್ನೂ ತಡೆಯುತ್ತದೆ.

ಗಿಡ ಕೊಳ್ಳುವುದು

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೇನೆ. ಟೂಸಾನ್‌ಗೆ ಬಂದ ಎರಡನೆಯ ವರ್ಷ, ಬಯಲಿನಿಂದ ಕಿತ್ತು ತಂದಿದ್ದ 9 ಅಡಿಯ ಗಿಡವೊಂದನ್ನು ಸಾಕಷ್ಟು ಹಣ ಕೊಟ್ಟು ತಂದು ನೆಟ್ಟೆ. ಬೇರೆಂಬುದು ಬುಡದಲ್ಲಿ ಮೊಟಕಾಗಿ ಕತ್ತರಿಸಿದ ಒಂದು ತುಂಡಷ್ಟೇ ಇತ್ತು. ಹದಿನಾಲ್ಕು ತಿಂಗಳು ಅದರ ತಲೆ ಹಸಿರಾಗಿಯೇ ಇತ್ತು. ಒಂದು ಹೂದಂಟನ್ನೂ ಬಿಟ್ಟಿತು, ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ. ಹದಿನೈದನೆಯ ತಿಂಗಳು ತಲೆ ಒಂದು ಕಡೆಗೆ ವಾಲಿತು. ಕೈಯಿಂದ ನೂಕಿದರೆ ಇಡೀ ಮರ ಅಲುಗಿತು, ಕಿತ್ತು ನೋಡಿದಾಗ ಒಂದು ಹೊಸ ಬೇರೂ ಹೊರಟಿರಲಿಲ್ಲ. ಕಾಂಡದಲ್ಲಿ ಕೂಡಿಟ್ಟಿದ್ದ ನೀರು ಮತ್ತು ಪಿಷ್ಟದ ಮೇಲೆ ಅದು ಅಷ್ಟು ದಿನ ಬದುಕಿತ್ತು. ಆ ಹೂವೂ ಆ ಗಂಟಿನಿಂದಲೇ ಬಂದದ್ದು.

ಆದ್ದರಿಂದ ಕುಂಡದಲ್ಲಿಯೇ ಬೆಳೆಸಿದ, 1ರಿಂದ 3 ಅಡಿಯೊಳಗಿನ ಗಿಡವನ್ನು ಕೊಳ್ಳುವುದು ಉತ್ತಮ. ಐದು ಗ್ಯಾಲನ್ ಕುಂಡದ ಗಿಡ ನೋಡಲು ಬಡಕಲಾಗಿ ಕಂಡರೂ ಅದರ ಬೇರು ಪೂರ್ಣವಾಗಿರುತ್ತದೆ. ಕಿತ್ತು ನೆಟ್ಟ ದೊಡ್ಡ ಗಿಡ ಚೇತರಿಸಿಕೊಳ್ಳುವ ಹೊತ್ತಿಗೆ, ಚೇತರಿಸಿಕೊಂಡರೆ, ಈ ಸಣ್ಣ ಗಿಡ ಅದಾಗಲೇ ನೆಲಕ್ಕೆ ಹೊಂದಿಕೊಂಡು ಮುಂದುವರಿದಿರುತ್ತದೆ. ಕೊಳ್ಳುವಾಗ ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡಬೇಕು. ಕುಂಡದ ಮಣ್ಣೂ ಗಿಡದೊಂದಿಗೆ ಅಲುಗಿದರೆ ಬೇರು ಮಣ್ಣನ್ನು ಹಿಡಿದಿದೆ ಎಂದರ್ಥ. ಮಣ್ಣು ಸುಮ್ಮನಿದ್ದು ಗಿಡವಷ್ಟೇ ಅಲುಗಿದರೆ ಅದು ಇತ್ತೀಚೆಗೆ ಕಿತ್ತು ಕುಂಡಕ್ಕೆ ಹಾಕಿದ ಗಿಡ. ಸುಳಿಯ ನಡುವಿನ ಎಳೆಯ ಗರಿಗಳು ಗಟ್ಟಿಯಾಗಿ ನೆಟ್ಟಗಿರಬೇಕು. ಎಳೆದಾಗ ಕಿತ್ತು ಬರುವ ಸುಳಿ, ಹುಳಿವಾಸನೆ ಸೂಸುವ ಬುಡ, ಕಾಂಡದ ಮೇಲಿನ ರಂಧ್ರ, ಇವುಗಳಲ್ಲಿ ಒಂದಿದ್ದರೂ ಬೇಡ.

ಬಯಲಿನಿಂದ ತಾವೇ ಕಿತ್ತು ತರುವ ಯೋಚನೆಯನ್ನಂತೂ ಬಿಡಬೇಕು. ಅರಿಜೋನಾದಲ್ಲಿ ಯುಕ್ಕಾಗಳು ಸ್ಥಳೀಯ ಸಸ್ಯ ಸಂರಕ್ಷಣಾ ಕಾನೂನಿನ ಅಡಿಯಲ್ಲಿ ಬರುತ್ತವೆ. ಕಾಡುಗಿಡವನ್ನು ಕಿತ್ತು ಸಾಗಿಸಲು ರಾಜ್ಯದ ಕೃಷಿ ಇಲಾಖೆಯ ಪರವಾನಗಿ ಮತ್ತು ಗಿಡಕ್ಕೆ ಕಟ್ಟುವ ಚೀಟಿ ಬೇಕು. ಹೊಸ ರಸ್ತೆಯೋ ಬಡಾವಣೆಯೋ ಬರುವ ಜಾಗದಿಂದ ಕಾನೂನುಬದ್ಧವಾಗಿ ತೆಗೆದ ಗಿಡವನ್ನು ಕೊಳ್ಳುವುದಾದರೆ ಆ ಚೀಟಿಯನ್ನು ಕೇಳಿ ನೋಡಬೇಕು, ಜೊತೆಗೆ ಮೊದಲು ಗಿಡದ ಯಾವ ಮುಖ ದಕ್ಷಿಣಕ್ಕಿತ್ತು ಎಂಬ ಗುರುತನ್ನೂ ಕೇಳಬೇಕು. ಅದೇ ದಿಕ್ಕಿಗೆ ನೆಟ್ಟರೆ ಬಿಸಿಲು ಕಾಣದ ಮಗ್ಗುಲು ಸುಡುವುದು ತಪ್ಪುತ್ತದೆ.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಇಡೀ ದಿನ ಬಿದ್ದರೆ ಇನ್ನೂ ಒಳ್ಳೆಯದು. ಪಶ್ಚಿಮದ ಗೋಡೆಯ ಕಾವು ಬೇರೆ ಗಿಡಗಳನ್ನು ಬೇಯಿಸಿದರೂ ಬೇರು ಹಿಡಿದ ಸಾಬೂನುಮರವನ್ನು ಏನೂ ಮಾಡುವುದಿಲ್ಲ. ನೆರಳಿನಲ್ಲಿ ನೆಟ್ಟದ್ದು ಬೆಳಕಿನ ಕಡೆಗೆ ವಾಲಿ, ಗರಿಗಳು ಜೋತು, ತನ್ನ ರೂಪವನ್ನೇ ಕಳೆದುಕೊಳ್ಳುತ್ತದೆ.

ಗರಿಯ ತುದಿ ಸೂಜಿಯಂತಿರುತ್ತದೆ, ಗಿಡ ಚಿಕ್ಕದಿರುವಾಗ ಅದು ಮಗುವಿನ ಕಣ್ಣಿನ ಮಟ್ಟದಲ್ಲಿರುತ್ತದೆ. ಓಡಾಡುವ ದಾರಿ, ಆಟದ ಜಾಗ, ಕಾರಿನ ಬಾಗಿಲು ತೆರೆಯುವ ಸ್ಥಳ, ಇವುಗಳಿಂದ 6 ಅಡಿಯಾದರೂ ದೂರವಿರಲಿ. ಮೇಲೆ ವಿದ್ಯುತ್ ತಂತಿ ಇರಬಾರದು. ಮೀನು ಸಾಕಿರುವ ಕೊಳದ ಪಕ್ಕವೂ ಬೇಡ, ಸಪೋನಿನ್ ಮೀನಿಗೆ ವಿಷ. ಹುಲ್ಲುಹಾಸಿನ ನಡುವೆ ಇದನ್ನು ನೆಡುವುದು ಅಮೆರಿಕದ ಊರುಗಳಲ್ಲಿ ನಾನು ಪದೇಪದೇ ಕಂಡಿರುವ ತಪ್ಪು. ಹುಲ್ಲಿಗೆ ದಿನ ಬಿಟ್ಟು ದಿನ ಬೇಕಾಗುವ ನೀರು ಯುಕ್ಕಾದ ಬೇರಿಗೆ ಕಂಟಕ. ಜೊತೆಗಾರರಾಗಿ ಬ್ರಿಟಲ್‌ಬುಷ್, ಬ್ಯಾರೆಲ್ ಕ್ಯಾಕ್ಟಸ್, ಸಣ್ಣ ಜಾತಿಯ ಕತ್ತಾಳೆಗಳಂಥ, ಬಾಯಾರಿಕೆ ಇಷ್ಟೇ ಇರುವ ಗಿಡಗಳು ಹೊಂದುತ್ತವೆ.

ಮಣ್ಣು ಫಲವತ್ತಾಗಿರಬೇಕಿಲ್ಲ, ಕ್ಷಾರವಿದ್ದರೂ ನಡೆಯುತ್ತದೆ. ನೀರು ಬಸಿದುಹೋಗಬೇಕು, ಅಷ್ಟೇ. ಪರೀಕ್ಷೆ ಸುಲಭ. ನೆಡಬೇಕಾದ ಜಾಗದಲ್ಲಿ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ ಇಂಗಲು ಬಿಡಿ, ಮತ್ತೊಮ್ಮೆ ತುಂಬಿ ಕಾದು ನೋಡಿ. ಎರಡನೆಯ ಸಲದ ನೀರು ಗಂಟೆಗೆ ಒಂದು ಅಂಗುಲದಷ್ಟಾದರೂ ಇಳಿಯಬೇಕು. ಮರುದಿನವೂ ನೀರು ನಿಂತಿದ್ದರೆ ಕೆಳಗೆ ಕಲೀಚಿ ಇರುವ ಸಾಧ್ಯತೆ ಹೆಚ್ಚು. ಕಲೀಚಿಯೆಂದರೆ ಸುಣ್ಣ ಹೆಪ್ಪುಗಟ್ಟಿ ಕಾಂಕ್ರೀಟಿನಂತಾದ ಪದರ, ಅರಿಜೋನಾದ ತೋಟಗಾರರೆಲ್ಲರಿಗೂ ಅದು ಒಂದಲ್ಲ ಒಂದು ದಿನ ಹಾರೆ ಮುರಿದಿರುತ್ತದೆ. ಪದರ ತೆಳುವಾಗಿದ್ದರೆ ಹಾರೆಯಿಂದ ತೂತು ಕೊರೆದು ಕೆಳಗಿನ ಮಣ್ಣಿಗೆ ದಾರಿ ಮಾಡಬಹುದು. ದಪ್ಪವಾಗಿದ್ದರೆ ಹಟ ಹಿಡಿಯದೆ, ಕಲ್ಲು ಮತ್ತು ಮರಳುಮಿಶ್ರಿತ ಮಣ್ಣಿನಿಂದ ಒಂದೂವರೆ ಎರಡು ಅಡಿಯ ಅಗಲವಾದ ದಿಬ್ಬ ಮಾಡಿ ಅದರ ಮೇಲೆ ನೆಡುವುದೇ ಜಾಣತನ. ಮಣ್ಣು ಬಸಿಯಲೆಂದು ಗುಂಡಿಯ ತಳಕ್ಕೆ ಜಲ್ಲಿ ಸುರಿಯುವ ಹಳೆಯ ಪದ್ಧತಿಯಿಂದ ಪ್ರಯೋಜನವಿಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲಿಯೇ ನಿಲ್ಲುತ್ತದೆ.

ನೆಡುವ ದಿನ

ಯುಕ್ಕಾ ಹೊಸ ಬೇರು ಬಿಡುವುದು ಬೆಚ್ಚನೆಯ ಮಣ್ಣಿನಲ್ಲಿ. ತಗ್ಗಿನ ಮರುಭೂಮಿಯಲ್ಲಿ ಮಾರ್ಚ್ ಮಧ್ಯದಿಂದ ಮೇ ಮೊದಲ ವಾರದವರೆಗೆ ಸೂಕ್ತ ಕಾಲ. ಅದು ತಪ್ಪಿದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಚಳಿಗಾಲದಲ್ಲಿ ನೆಟ್ಟ ಗಿಡ ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೇರು ಬಿಡದೆ ಕೊಳೆಯಬಹುದು. ಇನ್ನು ನಡುಬೇಸಿಗೆಯ ವಿಷಯ: 2023ರಲ್ಲಿ ಫೀನಿಕ್ಸ್‌ನ ತಾಪಮಾನ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ಮೀರಿತು. ಅಂಥ ಜುಲೈ ತಿಂಗಳಿನಲ್ಲಿ ಹೊಸ ಗಿಡ ನೆಡಲು ಹೊರಡಬಾರದು, ಗಿಡಕ್ಕಿಂತ ಮೊದಲು ನೆಡುವವನೇ ಬಾಡುತ್ತಾನೆ.

ಅಗೆಯುವ ಕೆಲವು ದಿನ ಮೊದಲು 811 ಸಂಖ್ಯೆಗೆ ಕರೆ ಮಾಡಿ ತಿಳಿಸಬೇಕು. ಅನಿಲ, ವಿದ್ಯುತ್, ದೂರವಾಣಿಗಳ ನೆಲದಡಿಯ ಮಾರ್ಗಗಳನ್ನು ಶುಲ್ಕವಿಲ್ಲದೆ ಬಣ್ಣದಿಂದ ಗುರುತು ಮಾಡಿ ಹೋಗುತ್ತಾರೆ. ಗುಂಡಿಯ ಆಳ ಬೇರುಮುದ್ದೆಯ ಎತ್ತರದಷ್ಟೇ ಇರಲಿ, ಅಗಲ ಅದರ ಎರಡು ಮೂರು ಪಟ್ಟು. ತಳದ ಮಣ್ಣನ್ನು ಸಡಿಲಿಸಬಾರದು, ಸಡಿಲಿಸಿದರೆ ಗಿಡ ಕುಸಿದು ಬುಡದಲ್ಲಿ ನೀರು ನಿಲ್ಲುವ ತಗ್ಗಾಗುತ್ತದೆ.

ತೊಗಲಿನ ಕೈಗವಸು, ಉದ್ದ ತೋಳಿನ ಅಂಗಿ ಮತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಗರಿಗಳನ್ನೆಲ್ಲ ಮೇಲಕ್ಕೆ ಒಟ್ಟುಮಾಡಿ ಹಳೆಯ ಹತ್ತಿ ಪಂಚೆಯಿಂದ ಸಡಿಲವಾಗಿ ಕಟ್ಟಿಕೊಂಡರೆ ಕೆಲಸ ಸಲೀಸು. ಕುಂಡವನ್ನು ಮಗ್ಗುಲಿಗೆ ಮಲಗಿಸಿ ತಟ್ಟಿ ಬೇರುಮುದ್ದೆಯನ್ನು ಜಾರಿಸಿ ತೆಗೆಯಬೇಕು. ಕಾಂಡ ಹಿಡಿದು ಎಳೆಯಬಾರದು. ಕುಂಡದ ಗೋಡೆಗೆ ಸುತ್ತಿಕೊಂಡ ಬೇರುಗಳಿದ್ದರೆ ಬೆರಳಿನಿಂದ ಬಿಡಿಸಿ ಹೊರಕ್ಕೆ ಚಾಚಿ. ಬೇರುಮುದ್ದೆಯ ಮೇಲ್ಭಾಗ ಸುತ್ತಲಿನ ನೆಲಕ್ಕಿಂತ ಒಂದು ಅಂಗುಲ ಎತ್ತರದಲ್ಲಿ ಕೂರುವಂತೆ ಇಟ್ಟು, ಅಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ಚೀಲದಲ್ಲಿ ಬರುವ ಪಾಟಿಂಗ್ ಮಿಶ್ರಣ ಯಾವುದೂ ಬೇಡ. ಗೊಬ್ಬರ ಹಾಕದೆ ಗಿಡ ನೆಡುವುದು ನಮ್ಮವರಿಗೆ ಮನಸ್ಸು ಒಪ್ಪದ ಕೆಲಸವೆಂದು ಬಲ್ಲೆ, ಆದರೆ ಗುಂಡಿಯೊಳಗಿನ ಮಣ್ಣು ಹೊರಗಿನದಕ್ಕಿಂತ ಮೃದುವಾಗಿ ತೇವ ಹಿಡಿದುಕೊಂಡರೆ ಬೇರು ಅಲ್ಲೇ ಸುತ್ತುತ್ತ ಉಳಿಯುತ್ತದೆ, ಕೊಳೆಯುವುದೂ ಅಲ್ಲಿಂದಲೇ. ಮೇಲೆ ಮರದ ಚಕ್ಕೆಯ ಹೊದಿಕೆಗೆ ಬದಲು ಎರಡು ಅಂಗುಲ ಸಣ್ಣ ಜಲ್ಲಿ ಹರಡಿ, ಕಾಂಡದ ಸುತ್ತ ಅರ್ಧ ಅಡಿ ಜಾಗವನ್ನು ಬರಿದಾಗಿ ಬಿಡಿ.

ಕುಂಡದ ಸಣ್ಣ ಗಿಡಕ್ಕೆ ಊರೆಗೋಲು ಬೇಕಿಲ್ಲ. ಬೇರು ಕಡಿಮೆಯಿರುವ ಎತ್ತರದ ಗಿಡವನ್ನು ಮೂರು ದಿಕ್ಕಿನಿಂದ ಅಗಲ ಪಟ್ಟಿಯಿಂದ ಬಿಗಿದು ಒಂದು ಪೂರ್ಣ ಬೆಳೆಗಾಲವಾದರೂ ನಿಲ್ಲಿಸಬೇಕು, ಏಕೆಂದರೆ ಗಾಳಿಗೆ ಬುಡ ಅಲುಗಿದಾಗಲೆಲ್ಲ ಆಗಷ್ಟೇ ಚಿಗುರಿದ ಬೇರಿನ ತುದಿ ಮುರಿಯುತ್ತದೆ.

ಗೋಫರ್ ಎಂಬ ಬಿಲ ತೋಡುವ ಇಲಿಯ ಕಾಟವಿರುವ ಕಡೆ ಬೇರುಮುದ್ದೆಯ ಸುತ್ತ ತಂತಿಜಾಲರಿಯ ಬುಟ್ಟಿ ಇಟ್ಟೇ ನೆಡಬೇಕು. ಮೊಲಗಳಿಗೂ ಎಳೆಯ ಗರಿಯೆಂದರೆ ಪ್ರೀತಿ. ಕಾಂಡ ಕಾಣುವವರೆಗೆ ಎರಡು ಅಡಿ ಎತ್ತರದ ಜಾಲರಿಯ ಬೇಲಿ ಇರಲಿ.

ನೀರು

ಮರುಭೂಮಿಯ ಗಿಡಕ್ಕೆ ನೀರೇ ಬೇಡವೆಂಬುದು ಮೊದಲ ಎರಡು ವರ್ಷಕ್ಕೆ ಅನ್ವಯಿಸದು. ಬೇರು ಆಳಕ್ಕೆ ಇಳಿಯಬೇಕಾದರೆ ನೀರೂ ಆಳಕ್ಕೆ ಇಳಿದಿರಬೇಕು. ದಿನಕ್ಕೊಂದು ಚೊಂಬಿನ ಲೆಕ್ಕದಲ್ಲಿ ಹನಿಸಿದ ನೀರು ಮೇಲಿನ ನಾಲ್ಕು ಅಂಗುಲದಲ್ಲಿಯೇ ನಿಂತು, ಬೇರನ್ನು ಮೇಲಕ್ಕೆ ಕರೆದು, ಬುಡವನ್ನು ಸದಾ ಒದ್ದೆಯಾಗಿಡುತ್ತದೆ. ಅದಕ್ಕೆ ಬದಲಾಗಿ ಒಮ್ಮೆ ಬಿಟ್ಟರೆ ಒಂದೂವರೆಯಿಂದ ಎರಡು ಅಡಿ ಆಳದವರೆಗೆ ಇಂಗುವಂತೆ ಬಿಡಬೇಕು, ಆಮೇಲೆ ಮಣ್ಣು ಚೆನ್ನಾಗಿ ಒಣಗುವವರೆಗೆ ಕಾಯಬೇಕು. ಎಷ್ಟು ಆಳ ಇಂಗಿತೆಂದು ತಿಳಿಯಲು ತೆಳ್ಳನೆಯ ಕಬ್ಬಿಣದ ಸರಳೊಂದನ್ನು ಮಣ್ಣಿಗೆ ಒತ್ತಿ ನೋಡಿ. ಒದ್ದೆ ಮಣ್ಣಿನಲ್ಲಿ ಅದು ಸರಾಗವಾಗಿ ಇಳಿದು, ಒಣ ಮಣ್ಣು ಸಿಕ್ಕ ಕಡೆ ನಿಲ್ಲುತ್ತದೆ.

ನೆಟ್ಟ ದಿನ ತುಂಬ ನೀರು ಬಿಡಿ. ಮೊದಲ ತಿಂಗಳು ವಾರಕ್ಕೊಮ್ಮೆ, ಮೊದಲ ಬೇಸಿಗೆಯ ಉಳಿದ ಅವಧಿಯಲ್ಲಿ ಹತ್ತು ಹದಿನಾಲ್ಕು ದಿನಕ್ಕೊಮ್ಮೆ, ಎರಡನೆಯ ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ ಸಾಕು. ನವೆಂಬರಿನಿಂದ ಫೆಬ್ರವರಿವರೆಗೆ, ಎರಡು ತಿಂಗಳು ಹನಿ ಮಳೆಯೂ ಬೀಳದಿದ್ದರೆ ಒಮ್ಮೆ ಕೊಡಬಹುದು, ಇಲ್ಲದಿದ್ದರೆ ಬೇಡ. ಇದು ಜಲ್ಲಿಮಿಶ್ರಿತ ಮಣ್ಣಿನ ಲೆಕ್ಕ, ಜೇಡಿಮಣ್ಣಾದರೆ ಅಂತರವನ್ನು ಇನ್ನಷ್ಟು ಹಿಗ್ಗಿಸಬೇಕು. ಹನಿ ನೀರಾವರಿಯ ನಳಿಕೆಗಳನ್ನು ಕಾಂಡಕ್ಕೆ ತಾಗಿಸದೆ ಒಂದು ಅಡಿ ದೂರದಲ್ಲಿಟ್ಟು ವರ್ಷ ಕಳೆದಂತೆ ಹೊರಕ್ಕೆ ಸರಿಸುತ್ತ ಹೋದರೆ ಬೇರೂ ನೀರನ್ನು ಹಿಂಬಾಲಿಸುತ್ತದೆ.

ಮೂರನೆಯ ವರ್ಷದಿಂದ ಗಿಡ ಮಳೆಯ ಪಾಲಿಗೆ. ಟೂಸಾನ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿಯನ್ನು ಹವಾಮಾನ ಇಲಾಖೆ ಮಾನ್ಸೂನ್ ಎಂದೇ ಕರೆಯುತ್ತದೆ. ನಮ್ಮ ಮುಂಗಾರಿನ ಅಬ್ಬರವೇನೂ ಅಲ್ಲಿಲ್ಲವಾದರೂ ಸಾಬೂನುಮರಕ್ಕೆ ಬೇಕಾದ ಬೇಸಿಗೆಯ ನೀರು ಅದರಲ್ಲಿ ಬರುತ್ತದೆ. ಮಳೆ ಇನ್ನೂ ಕಡಿಮೆಯಿರುವ ಫೀನಿಕ್ಸ್‌ನಲ್ಲಿ ಮೇ, ಜೂನ್, ಜುಲೈಗಳಲ್ಲಿ ತಿಂಗಳಿಗೊಮ್ಮೆ ಆಳವಾಗಿ ನೀರು ಕೊಟ್ಟರೆ ಬೆಳವಣಿಗೆ ಸ್ವಲ್ಪ ಚುರುಕಾಗುತ್ತದೆ.

ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವುದು ಗರಿಯ ಬಣ್ಣದಿಂದ ಸುಲಭವಲ್ಲ. ಕೆಳಗಿನ ಹಳೆಯ ಗರಿಗಳು ತುದಿಯಿಂದ ಒಣಗುತ್ತಿದ್ದರೆ ಅದು ವಯಸ್ಸು ಅಥವಾ ಬಾಯಾರಿಕೆ; ಆತುರವಿಲ್ಲ. ಸುಳಿಯ ಗರಿಗಳೇ ಹಳದಿಗೆ ತಿರುಗಿ ಬುಡದಲ್ಲಿ ಮೆತ್ತಗಾಗುತ್ತಿದ್ದರೆ ಅದು ಕೊಳೆ. ಆಗ ಹೆಚ್ಚಿನವರು ಗಾಬರಿಯಿಂದ ಇನ್ನಷ್ಟು ನೀರು ಹೊಯ್ಯುತ್ತಾರೆ. ಮಾಡಬೇಕಾದುದು ನೀರನ್ನು ನಿಲ್ಲಿಸಿ, ಬುಡದ ಮಣ್ಣನ್ನು ಸರಿಸಿ, ಗಾಳಿಯಾಡಲು ಬಿಡುವುದು.

ಒಣಗರಿಯ ಲಂಗ

ಒಣಗಿದ ಗರಿಗಳು ಉದುರದೆ ಕಾಂಡಕ್ಕೆ ಅಂಟಿಕೊಂಡು ಕೆಳಮುಖವಾಗಿ ಉಳಿಯುತ್ತವೆ. ಅವು ಕಾಂಡಕ್ಕೆ ಬಿಸಿಲಿನಿಂದಲೂ ಚಳಿಯಿಂದಲೂ ರಕ್ಷಣೆ, ನೋಟಕ್ಕೂ ಗಿಡದ ನಿಜರೂಪ ಅದೇ ಎಂಬುದು ನನ್ನ ಅಭಿಪ್ರಾಯ. ಆದರೆ ಒಣಗರಿ ಬೇಗ ಹೊತ್ತಿಕೊಳ್ಳುತ್ತದೆ, ಇಲಿಗಳೂ ಗೂಡು ಮಾಡುತ್ತವೆ. ಮನೆಯ ಗೋಡೆಗೆ ಹತ್ತಿರವಿರುವ ಗಿಡದಲ್ಲಿ ಕೆಳಗಿನ ಒಣಗರಿಗಳನ್ನು, ಬುಡದಲ್ಲಿ ಒಂದೆರಡು ಅಂಗುಲ ಉಳಿಯುವಂತೆ, ಕತ್ತರಿಸಿ ತೆಗೆಯುವುದು ಕ್ಷೇಮ. ಕಿತ್ತು ಎಳೆದರೆ ಕಾಂಡದ ಸಿಪ್ಪೆ ಸುಲಿದು ಗಾಯವಾಗುತ್ತದೆ. ಹಸಿರು ಗರಿಯನ್ನು ಮಾತ್ರ ಮುಟ್ಟಬಾರದು. ತಲೆಯನ್ನು ಅನಾನಸಿನ ಜುಟ್ಟಿನಂತೆ ಬೋಳಿಸಿ ನಿಲ್ಲಿಸುವ ಕೂಲಿ ತೋಟಗಾರರ ಚಾಳಿಗೆ ಬಲಿಯಾದ ಗಿಡ ಅಷ್ಟರಮಟ್ಟಿಗೆ ಆಹಾರ ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಹೂ ಮುಗಿದ ದಂಟನ್ನು ಬೀಜ ಬೇಡವಾದರೆ ಬುಡಕ್ಕೆ ಕತ್ತರಿಸಬಹುದು. ಬಾಳೆಯ ಕಂದಿನಂತೆ ಬುಡದಿಂದ ಏಳುವ ಮರಿಗಳನ್ನು ಇಟ್ಟುಕೊಂಡರೆ ಕಾಲಾಂತರದಲ್ಲಿ ಗುಂಪಾಗುತ್ತದೆ, ಒಂಟಿ ಮರವೇ ಬೇಕಿದ್ದರೆ ಸಣ್ಣದಿರುವಾಗಲೇ ನೆಲಮಟ್ಟಕ್ಕೆ ಕೊಯ್ಯಬೇಕು.

ಕೊಯ್ದ ಗರಿಗಳನ್ನು ಎಸೆಯುವ ಮೊದಲು ಒಂದು ಮಾತು. ದಕ್ಷಿಣ ಅರಿಜೋನಾದ ತೊಹೊನೊ ಓದಮ್ ಜನರ ಪ್ರಸಿದ್ಧ ಬುಟ್ಟಿಗಳ ಬಿಳಿ ಹೆಣಿಗೆ ಇದೇ ಗಿಡದ ಗರಿಯದು. ಬಿಸಿಲಿಗೆ ಒಣಗಿಸಿ ಬಿಳುಪೇರಿಸಿದ ಸೀಳುಗಳನ್ನು ಅವರು ಬೇರ್‌ಗ್ರಾಸ್ ಎಂಬ ಹುಲ್ಲಿನಂಥ ಗಿಡದ ಸಿಂಬಿಯ ಮೇಲೆ ಹೊಲಿಯುತ್ತಾರೆ. ಅಷ್ಟು ಕೌಶಲ ನಮಗಿಲ್ಲದಿದ್ದರೂ ಗಿಡ ಕಟ್ಟಲು ಈ ಗರಿಯ ಸೀಳಿಗಿಂತ ಗಟ್ಟಿಯಾದ ದಾರ ಅಂಗಳದಲ್ಲಿ ಬೇರೊಂದಿಲ್ಲ.

ರೋಗ, ಕೀಟ

ಚಿಂತೆಗೆ ಕಾರಣವಾಗಬೇಕಾದ ಕೀಟ ಒಂದೇ: ಕತ್ತಾಳೆಯ ಮೂತಿಹುಳು. ತೆಂಗಿನ ಕೆಂಪು ಮೂತಿಹುಳುವನ್ನು ಬಲ್ಲ ರೈತರಿಗೆ ಇದರ ರೀತಿಯನ್ನು ವಿವರಿಸಬೇಕಾಗಿಲ್ಲ. ಕಪ್ಪು ದುಂಬಿ ಗಿಡವನ್ನು ಕೊರೆದು ಮೊಟ್ಟೆಯಿಡುತ್ತದೆ, ಮರಿಹುಳುಗಳು ಒಳಗಿನ ತಿರುಳನ್ನು ತಿನ್ನುತ್ತವೆ, ಜೊತೆಗೆ ಬಂದ ಸೂಕ್ಷ್ಮಜೀವಿಗಳು ಕೊಳೆಸುತ್ತವೆ. ತಲೆ ಬಾಗಿದಾಗ ಉಳಿಸಿಕೊಳ್ಳುವ ಕಾಲ ಮೀರಿರುತ್ತದೆ. ದೊಡ್ಡ ಕತ್ತಾಳೆಗಳೇ ಅದಕ್ಕೆ ಹೆಚ್ಚು ಇಷ್ಟ, ಅಲ್ಲಿಂದ ಯುಕ್ಕಾಕ್ಕೂ ಬರುತ್ತದೆ. ಅಂಗಳದ ಕತ್ತಾಳೆ ಹಠಾತ್ತಾಗಿ ಕುಸಿದರೆ ಅದನ್ನು ಬೇರು ಸಮೇತ ಅಗೆದು, ಮಣ್ಣಿನಲ್ಲಿ ಅಡಗಿದ ಹುಳುಗಳನ್ನು ಆಯ್ದು ನಾಶಮಾಡಿ, ಮೂಟೆ ಕಟ್ಟಿ ಹೊರಗೆ ಹಾಕಬೇಕು. ಹಿಟ್ಟುತಿಗಣೆ, ಶಲ್ಕಕೀಟಗಳು ಕಂಡರೆ ರಭಸವಾಗಿ ನೀರು ಹಾಯಿಸಿದರೆ ಸಾಮಾನ್ಯವಾಗಿ ಸಾಕು.

ಹೂವು, ಪತಂಗ, ಬೀಜ

ಯುಕ್ಕಾದ ಹೂವಿನಲ್ಲಿ ಕಾಯಿ ಕಟ್ಟಬೇಕಾದರೆ ಯುಕ್ಕಾ ಪತಂಗವೇ ಬರಬೇಕು. ಚಾರ್ಲ್ಸ್ ರೈಲಿ ಎಂಬ ಕೀಟವಿಜ್ಞಾನಿ 1872ರ ಸುಮಾರಿಗೆ ಇದನ್ನು ವಿವರಿಸಿದ. ಹೆಣ್ಣುಪತಂಗ ರಾತ್ರಿ ಒಂದು ಹೂವಿನಿಂದ ಪರಾಗವನ್ನು ಉಂಡೆ ಕಟ್ಟಿ ಬಾಯಿಯ ಬಳಿಯ ವಿಶೇಷ ಅಂಗದಲ್ಲಿ ಹಿಡಿದುಕೊಂಡು ಇನ್ನೊಂದು ಹೂವಿಗೆ ಹಾರುತ್ತದೆ. ಅಲ್ಲಿ ಅಂಡಾಶಯದೊಳಗೆ ಮೊಟ್ಟೆಯಿಟ್ಟು, ಆಮೇಲೆ ಶಲಾಕೆಯ ತುದಿಗೆ ಆ ಪರಾಗವನ್ನು ತಾನಾಗಿಯೇ ಒತ್ತಿ ಸೇರಿಸುತ್ತದೆ. ಮೊಟ್ಟೆಯೊಡೆದ ಮರಿಗಳು ಒಂದಿಷ್ಟು ಬೀಜ ತಿನ್ನುತ್ತವೆ, ಉಳಿದವು ಗಿಡಕ್ಕೆ. ಆದ್ದರಿಂದ ಹೂಬಿಡುವ ತಿಂಗಳುಗಳಲ್ಲಿ ಗಿಡಕ್ಕೆ ಕೀಟನಾಶಕ ಸಿಂಪಡಿಸಬಾರದು. ಕಾಯಿಯ ಮೇಲೆ ಸಣ್ಣ ತೂತುಗಳಿದ್ದರೆ ಅದು ರೋಗವಲ್ಲ, ಪತಂಗದ ಮರಿ ಹೊರಬಂದ ದಾರಿ.

ಕಾಯಿ ಒಣಗಿ ಕಂದಾಗಿ ಮೂರು ಸೀಳಾಗಿ ಬಿರಿಯುವಾಗ ಒಳಗೆ ನಾಣ್ಯಗಳನ್ನು ಪೇರಿಸಿಟ್ಟಂತೆ ಚಪ್ಪಟೆಯಾದ ಕಪ್ಪು ಬೀಜಗಳು ಕಾಣುತ್ತವೆ. ತೂತಿಲ್ಲದವನ್ನು ಆರಿಸಿ ಕಾಗದದ ಲಕೋಟೆಯಲ್ಲಿಟ್ಟು, ಏಪ್ರಿಲ್‌ನಲ್ಲಿ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು. ಅರ್ಧದಷ್ಟು ಪ್ಯೂಮಿಸ್ ಎಂಬ ಹಗುರವಾದ ರಂಧ್ರಗಲ್ಲಿನ ಚೂರು ಅಥವಾ ದಪ್ಪ ಮರಳು ಬೆರೆಸಿದ ಮಣ್ಣು, ಒಂದು ಅಡಿ ಆಳದ ಕುಂಡ, ಅರ್ಧ ಸೆಂಟಿಮೀಟರ್ ಮಣ್ಣಿನ ಹೊದಿಕೆ. ಆಳದ ಕುಂಡವೇ ಏಕೆಂದರೆ ಮೊಳಕೆಯ ಮೊದಲ ಕೆಲಸವೇ ಬೇರನ್ನು ಕೆಳಕ್ಕೆ ಇಳಿಸುವುದು. 20ರಿಂದ 30 ಡಿಗ್ರಿಯ ಬೆಚ್ಚಗಿನ ಹವೆಯಲ್ಲಿ ಒಂದರಿಂದ ನಾಲ್ಕು ವಾರದೊಳಗೆ ಈರುಳ್ಳಿ ಸಸಿಯಂಥ ಒಂಟಿ ಎಲೆ ಏಳುತ್ತದೆ. ಮೊಳೆಯುವವರೆಗೆ ಮಣ್ಣು ತುಸು ತೇವವಾಗಿರಲಿ, ಆಮೇಲೆ ನೀರಿನ ನಡುವೆ ಮೇಲ್ಮಣ್ಣು ಒಣಗಲು ಬಿಡಿ. ಎರಡು ಮೂರು ವರ್ಷ ಕುಂಡದಲ್ಲಿಟ್ಟು ಆಮೇಲೆ ನೆಲಕ್ಕೆ ಇಳಿಸಬಹುದು.

ಇಷ್ಟವಾದ ಗಿಡದ ಬೀಜವನ್ನು ಊರಿಗೆ ಒಯ್ಯುವ ಆಸೆ ಅನೇಕರಿಗೆ ಬರುತ್ತದೆ. ಭಾರತಕ್ಕೆ ಗಿಡ ಮತ್ತು ಬೀಜಗಳನ್ನು ತರುವುದಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ, ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಸೂಟ್‌ಕೇಸಿನಲ್ಲಿ ತುರುಕಿ ತರಬಾರದು. ಕ್ರಮಬದ್ಧವಾಗಿ ತಂದ ಸಸಿಯನ್ನು ಬೆಂಗಳೂರಿನಲ್ಲಿ ಬೆಳೆಸುವುದಾದರೆ ಕುಂಡವೇ ಸರಿ. ಜೂನ್‌ನಿಂದ ನವೆಂಬರ್‌ವರೆಗೆ ನೇರ ಮಳೆ ಬೀಳದಂತೆ ಪಾರದರ್ಶಕ ಮಾಡಿನ ಕೆಳಗೆ, ದಕ್ಷಿಣದ ಬಿಸಿಲು ಸಿಗುವ ಕಡೆ ಇಡಬೇಕು. ಚಳ್ಳಕೆರೆಯಂಥ ಮಳೆ ಕಡಿಮೆಯಿರುವ ಕಡೆ, ಎತ್ತರಿಸಿದ ಜಲ್ಲಿಯ ದಿಬ್ಬದ ಮೇಲೆ ನೆಲದಲ್ಲಿಯೇ ನೆಟ್ಟು ನೋಡಬಹುದು, ಎರೆಮಣ್ಣಿನಲ್ಲಿ ಮಾತ್ರ ಪ್ರಯತ್ನಿಸಲೂ ಬಾರದು. ಯುಕ್ಕಾ ಪತಂಗ ಇಲ್ಲಿಲ್ಲದ ಕಾರಣ ಹೂವು ಬಂದರೂ ಕಾಯಿ ತಾನಾಗಿ ಕಟ್ಟುವುದಿಲ್ಲ. ಬೀಜ ಬೇಕಾದವರು ಹೂವು ಅರಳುವ ಸಂಜೆ ಸಣ್ಣ ಕುಂಚದಿಂದ ಒಂದು ಗಿಡದ ಪರಾಗವನ್ನು ತೆಗೆದು ಇನ್ನೊಂದು ಗಿಡದ ಹೂವಿನ ಶಲಾಕೆಯ ನಡುವಿನ ಕುಳಿಗೆ ಒತ್ತಿ ಇಡಬೇಕು. ಮೇಲೆ ಸವರಿದರೆ ಸಾಲದು. ಪತಂಗ ಮಾಡುವಂತೆಯೇ ಒಳಕ್ಕೆ ತಳ್ಳಬೇಕು.